ನಿಮಿಷದ ದರ

ನನ್ನ ಕೆಲಸ ನಿಮಿಷಕ್ಕೆ ಬೆಲೆ ಕಟ್ಟುವುದು.
ಬರ್ಮಿಂಗ್‌ಹ್ಯಾಮಿನ ಏಳನೇ ಮಹಡಿಯಲ್ಲಿ
ಹನ್ನೆರಡು ವರ್ಷದಿಂದ ಇದೇ ತಕ್ಕಡಿ.
ಲಂಡನ್ನಿನ ಮೀಟಿಂಗಿಗೆ ಓಡುವವನ ನಿಮಿಷ ತೂಕದ್ದು,
ಅಂಗಡಿಗೆ ಹೊರಟವಳದು ಹಗುರ,
ಪಿಂಚಣಿಯವರದು ಇನ್ನೂ ಅಗ್ಗ.
ಹೊಸ ರೈಲು ಉಳಿಸುವ ಮೂವತ್ತೊಂದು ನಿಮಿಷವನ್ನು
ಅರವತ್ತು ವರ್ಷಕ್ಕೆ ಗುಣಿಸಿದರೆ
ಸುರಿದ ದುಡ್ಡು ಹುಟ್ಟಬೇಕು.
ಹುಟ್ಟಲಿಲ್ಲ.
ಅರವತ್ತನ್ನು ನೂರು ಮಾಡಿ ನೋಡಿ ಎಂದರು.
ಮಾಡಿದೆ.

ಶುಕ್ರವಾರ ಊರ ಕಡೆ ಹೋದೆ.
ಹಳಿ ಬರುವಲ್ಲಿ ಓಕ್ ಮರಗಳಿಲ್ಲ,
ಜೇಡಿಮಣ್ಣು ಹಸಿಹಸಿಯಾಗಿ ಬಾಯಿ ತೆರೆದಿದೆ.
ಬಸ್ ಸ್ಟಾಪಿನಲ್ಲಿ ಗ್ವೆಂಡಾ ಚಿಕ್ಕಮ್ಮ,
ಕೈಯಲ್ಲಿ ಮೊಣಕಾಲಿನ ಎಕ್ಸ್‌ರೇ ಚೀಟಿ.
ಎಪ್ಪತ್ನಾಲ್ಕನೇ ನಂಬರು ಈಗ ವಾರಕ್ಕೆ ಎರಡೇ ದಿನ,
ಅದೂ ಬಂದರೆ ಬಂತು.
ಎಷ್ಟು ಹೊತ್ತಾಯಿತು ಬಂದು?
"ಥರ್ಮಾಸು ಖಾಲಿಯಾಗುವಷ್ಟು."

ಕಾರಿನಲ್ಲಿ ಕೂರಿಸಿಕೊಂಡೆ. ಬೈಯುತ್ತಾಳೆ ಅಂದುಕೊಂಡಿದ್ದೆ,
ಗದ್ದೆ ಹೋಯಿತು, ಬಸ್ಸು ಹೋಯಿತು, ನಿನ್ನಿಂದಲೇ ಎಂದು.
"ಆ ರೈಲು ಯಾವಾಗಪ್ಪಾ ಬರುತ್ತೆ?"
ಹುಡುಗಿಯ ಹಾಗೆ ಕಣ್ಣರಳಿಸಿದಳು.
ಇಲ್ಲಿ ನಿಲ್ಲಲ್ಲ, ಚಿಕ್ಕಮ್ಮ.
"ಗೊತ್ತು ಬಿಡು. ಬೇಲಿ ಪಕ್ಕ ನಿಂತು ನೋಡ್ತೀನಿ.
ಎಷ್ಟು ಹೊತ್ತು ಕಾಣುತ್ತೆ?"
ನಾಲ್ಕು ಸೆಕೆಂಡು.
"ಸಾಕಲ್ಲ," ಅಂದಳು,
ಆಮೇಲೆ ಸ್ವಲ್ಪ ದೂರ ಮಾತಾಡಲಿಲ್ಲ.

ನನ್ನ ಪಟ್ಟಿಯಲ್ಲಿ ಆ ನಾಲ್ಕು ಸೆಕೆಂಡಿಗೆ ಕಾಲಂ ಇಲ್ಲ,
ಥರ್ಮಾಸಿಗೂ ಇಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಇಳಿದು
ಗಡಿಯಾರ ನೋಡಿ ನಕ್ಕಳು:
"ಒಂದು ಗಂಟೆ ಮೊದಲೇ ಬಂದುಬಿಟ್ಟೆವಲ್ಲೋ.
ಈಗ ಇದನ್ನು ಏನು ಮಾಡಲಿ?"