ನಾಲ್ಕೇ

ಬಾಂಬೋಳಿಯ ದೊಡ್ಡಾಸ್ಪತ್ರೆಯಲ್ಲಿ
ನಾನು ಫಿನಾಯಿಲು, ಫೈಲು, ವ್ಹೀಲ್‌ಚೇರು.
ಗುರುವಾರ ಮಾತ್ರ ಕನ್ನಡ.
"ಸಾವಂತ್ರಿ, ಇಲ್ಲಿ ಬಾ, ನಿಮ್ಮೂರ ಕಡೆಯವರು" ಅಂತ
ಶಿರೋಡ್ಕರ್ ಡಾಕ್ಟರಬಾಯಿ ಕರೆದರೆ
ಕೈ ತೊಳೆದು ಹೋಗಿ ನಿಲ್ಲುತ್ತೇನೆ, ಇಬ್ಬರ ನಡುವೆ.

ಅವತ್ತು ಕೂತಿದ್ದವಳು ಬೈನಾದ ಯಮನವ್ವ.
ಕರೆತಂದವಳು ಚೀಟಿ ಗುಂಪಿನ ಜೈತುನಬಿ:
"ಒಂದ ತಿಂಗಳದಾಗ ಎರಡ ಸರ್ತಿ ರೊಕ್ಕಾ ತುಂಬ್ಯಾಳ್ರಿ."
"ಕೊಟ್ಟದ್ದ ಮರತೀನಿ. ಇಸಗೊಂಡದ್ದ ಮರತಿದ್ರ
ನೀ ದವಾಖಾನಿಗಿ ಕರಕೊಂಡ ಬರತಿದ್ದ್ಯಾ?"

ಡಾಕ್ಟರಬಾಯಿ ಕೊಂಕಣಿಯಲ್ಲಿ ಐದು ಶಬ್ದ ಕೊಟ್ಟರು.
ದಾಟಿಸಿದೆ, ಒಂದೊಂದೇ, ಒಡೆಯದ ಹಾಗೆ:
ಇಗರ್ಜಿ. ಕುರ್ಚಿ. ಹಡಗ. ಬಳ್ಳೊಳ್ಳಿ. ಕೆಂಪು.
ಇಟಗೋ ಯವ್ವಾ, ಆಮ್ಯಾಲ ಕೇಳತಾರ.
"ಎಲ್ಲಿ ಇಟಗೊಳ್ಲಿ, ಉಡಿಯಾಗ?"

ಗಡಿಯಾರ ತೆಗೆ ಅಂದರು.
ಬಂತು ಒಂದು ಗುಂಡು, ರೊಟ್ಟಿಯಂಥದ್ದು, ಎಲ್ಲೂ ಹರಿಯದ್ದು.
ಒಳಗೆ ಒಂದೂ ಅಂಕಿ ಇಲ್ಲ.
"ನಮಗ ಬಂದರದ ಭೋಂಗಾನ ಗಡಿಯಾರ.
ಕೂಗಿದ್ರ ಅದಿರಿನ ಬುಟ್ಟಿ ಹೊರೂದು,
ಮತ್ತ ಕೂಗಿದ್ರ ಇಳಸೂದು.
ನಡುವಿನ ಅಂಕಿ ಯಾಂವ ನೋಡ್ಯಾನ?"
ಸೊನ್ನೆ ಬರೆಯಲು ಇಳಿಯುತ್ತಿದ್ದ ಪೆನ್ನು
ನಾನು ಇದನ್ನು ದಾಟಿಸುವ ತನಕ ಗಾಳಿಯಲ್ಲೇ ನಿಂತಿತ್ತು.

ನೂರರಿಂದ ಏಳೇಳು ಕಳೆಯೋದು ಬಿಟ್ಟರು.
ಐನೂರರ ನೋಟು, ನೂರಾ ಎಂಬತ್ತರ ಬಂಗಡೆ, ಎಷ್ಟು ವಾಪಸು?
"ನೂರಾ ಐವತ್ತಕ್ಕ ಇಳಸತೇನಿ. ಮುನ್ನೂರಾ ಐವತ್ತು."

ಆದರೆ ಆ ಐದರಲ್ಲಿ ಬಂದದ್ದು ಎರಡು.
ಹಡಗ. ಬಳ್ಳೊಳ್ಳಿ.
ನಕ್ಕಳು. ಸೆರಗು ಬಾಯಿಗೆ ಹೋಯಿತು.
"ಹೊಸ್ತಲಾ ತನಕಾ ಬರತಾವ. ಒಳಗ ಬಾ ಅಂದ್ರ ಬರವೊಲ್ಲವು."

ಇಂಗ್ಲಿಷಿನ ಆ ಉದ್ದ ಹೆಸರಿಗೆ ನನ್ನ ಹತ್ತಿರ ಕನ್ನಡ ಇರಲಿಲ್ಲ.
ಹುಚ್ಚಲ್ಲ ಯವ್ವಾ, ಅರಳುಮರಳೂ ಅಲ್ಲ,
ಹೊಲಿಗಿ ಸಡಲ ಆಗೇದ, ಅರಿವಿ ಹರದಿಲ್ಲ ಅಂದೆ.
"ಅವರು ಅಷ್ಟುದ್ದ ಹೇಳಿದ್ರು, ನಿಂದು ಇಷ್ಟ?" ಜೈತುನಬಿಗೆ ಅನುಮಾನ.

ಗುಳಿಗಿ ಕೊಡ್ರಿ ಅಂದಳು ಯಮನವ್ವ.
ಡಾಕ್ಟರಬಾಯಿ ಕೊಡಲಿಲ್ಲ, ಕಸಿದುಕೊಂಡರು:
ಕೈಚೀಲದ ತಳದಲ್ಲಿದ್ದ ಹಳದಿ ಪಟ್ಟಿ,
ನಿದ್ದೆಗೆಂದು ವಾಸ್ಕೋದ ಅಂಗಡಿಯವನು ಆರು ವರ್ಷ ಚೀಟಿ ಕೇಳದೆ ಕೊಟ್ಟದ್ದು.
ಅದು ಮರೆವಿಗೂ ಬಾಗಿಲು ತೆಗೆಯುತ್ತದಂತೆ.
ಕಿವಿಗೊಂದು ಮಷಿನ್ನು, ರಕ್ತ ನೋಡಿ ಸೂಜಿ,
ಬಿ.ಪಿ. ಗುಳಿಗೆ ತಪ್ಪಿಸಬಾರದು,
ಬೆಳಗ್ಗೆ ಕಡಲದಂಡೆಯಲ್ಲಿ ಉಸಿರು ಏರುವ ಹಾಗೆ ನಡಿಗೆ.
"ಚೀಟಿ ಲೆಕ್ಕ ಅವಳ ಕೈಯಿಂದ ತೆಗೀಬೇಡ್ರಿ,
ಜೊತೆಗೆ ಕೂತು ಬರೀರಿ."
ವಾಸಿ ಆಗತದ? ಕೇಳಿದಳು ಜೈತುನಬಿ.
ಆಗಬಹುದು, ಇಷ್ಟೇ ಉಳಿಯಬಹುದು, ಜಾರಲೂಬಹುದು,
ಆರು ತಿಂಗಳಿಗೆ ಬನ್ನಿ.
ಮೂರನ್ನೂ ದಾಟಿಸಿದೆ. ಒಂದನ್ನು ಮೆಲ್ಲಗೆ.

ಸಂಜೆ ವಾಸ್ಕೋ ಬಸ್ಸು. ಜುವಾರಿ ಸೇತುವೆ.
ಕಂಬಿ ಹಿಡಿದು ನಿಂತು ಸುಮ್ಮನೆ ಎಣಿಸಿದೆ:
ಇಗರ್ಜಿ, ಹಡಗ, ಬಳ್ಳೊಳ್ಳಿ, ಕೆಂಪು.

ನಾಲ್ಕೇ.

ಮತ್ತೆ ಮೊದಲಿನಿಂದ. ನಾಲ್ಕೇ.
ದಾಟಿಸಿದವಳು ನಾನು, ನನಗೆ ಐವತ್ತೇಳು.
ಯಾರೋ ಹುಡುಗಿ ಎದ್ದು ಜಾಗ ಬಿಟ್ಟಳು. ಕೂತೆ.
ಕೊರ್ತಾಲಿ ಬಂತು. ಅದು ಬರಲಿಲ್ಲ.
ಟಿಕೀಟಿನ ಚಿಲ್ಲರೆಗೆ ಪರ್ಸು ತೆಗೆದರೆ
ಅದೇ ಹಳದಿ ಪಟ್ಟಿ.
ಇನ್ನೂ ಆರು ಉಳಿದಿದ್ದವು.