ಪೆನ್ಸಿಲ್ಲಿನ ಕೊನೆಯಕ್ಷರ

ವೆನಿಯಾಮಿನ್ ತೆರೆಂಟ್ಯೆವಿಚ್ ಹೋದ ಮೇಲೆ
ಅವರ ಚೀಟಿಪೆಟ್ಟಿಗೆ ನನ್ನ ಪಾಲಿಗೆ ಬಂತು.
'ಕಲ್ಲು' ಎಂಬ ಕಟ್ಟಿನಲ್ಲಿ ನಲವತ್ತೊಂದು ಚೀಟಿ,
ಒಂದರ ಮೇಲೆ ಚಹಾ ಲೋಟದ ಉಂಗುರ.

ಅಂಕಾರಾದ ಚೀಟಿ ಚುಟುಕು: ತಶ್.
ಕಝಾಕ್ ಹುಲ್ಲುಗಾವಲಲ್ಲಿ ಶಕಾರ ಸವೆದು, ತಸ್.
ಮರಳುಗಾಡಿನ ಓಗುಲ್‌ಗೆರೆಕ್
ಒಂಟೆಗೆ ನೀರು ಸೇದುತ್ತ ದಾಶ್ ಎಂದಳಂತೆ,
ಬಾವಿಯ ಹಗ್ಗ ಬಿಟ್ಟ ಹಾಗೆ ಆ ದೀರ್ಘವನ್ನು ಬಿಟ್ಟು.
ಲೆನಾ ನದಿಯ ದಡದಲ್ಲಿ,
ಉಗುಳಿದ್ದು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಬೆಳಗಿನಲ್ಲಿ,
ಕುದುರೆ ಕಾಯುವ ಆಯ್ತಾಲ್ ತಾಸ್ ಎಂದನಂತೆ.
ಅದೇ ದೀರ್ಘ.
ಒಬ್ಬರ ಹೆಸರು ಇನ್ನೊಬ್ಬರು ಕೇಳಿದವರಲ್ಲ.
ಮರಳಲ್ಲೊಂದು ಚೂರು, ಹಿಮದಲ್ಲೊಂದು ಚೂರು,
ಒಡೆದ ಬಳೆಯ ಹಾಗೆ ಮೇಷ್ಟ್ರು ಕೂಡಿಸಿ ನೋಡಿದರು.

ಎಲ್ಲದರ ಅಡಿಗೆ ಒಂದು ಚೀಟಿ,
ಹಣೆಗೆ ನಕ್ಷತ್ರ ಇಟ್ಟುಕೊಂಡ ಪದ.
ನಕ್ಷತ್ರವೆಂದರೆ, ನಮ್ಮ ಕಸುಬಿನಲ್ಲಿ,
ಇದನ್ನು ಯಾರ ಬಾಯಲ್ಲೂ ಯಾರೂ ಕೇಳಿಲ್ಲ.
'ತಾ' ಶಾಯಿಯಲ್ಲಿದೆ.
ಕೊನೆಯಕ್ಷರ ಮಾತ್ರ ಪೆನ್ಸಿಲ್:
ಶ್ ಬರೆದು, ಅಳಿಸಿ, ಲ್ ಬರೆದು, ಮತ್ತೆ ಶ್, ಮತ್ತೆ ಲ್.
ಕಾಗದ ಅಲ್ಲಿ ತೆಳುವಾಗಿ
ದೀಪಕ್ಕೆ ಹಿಡಿದರೆ ಬೆಳಕು ತೂರುತ್ತದೆ.

ಲ್ ಪರವಾಗಿ ನಿಂತ ಬಂಧು ಇಂದು ನಾವೊಬ್ಬರೇ, ಚುವಾಶರು.
ನಮ್ಮಲ್ಲಿ ಕಲ್ಲಿಗೆ ಚುಲ್.

ಅಜ್ಜಿ ಪ್ರಾಸ್ಕಿ ಸಾಕ್ಷಿ ನುಡಿಯಲು ಬಂದವಳಲ್ಲ.
ವೋಲ್ಗಾಕ್ಕೆ ಅಣೆಕಟ್ಟು ಬಂದು ಊರು ಮುಳುಗುವ ವರ್ಷ
ಲಾರಿಗೆ ಹಾಸಿಗೆ, ಕೋಳಿ, ನಿಂತ ಗಡಿಯಾರ ಏರಿಸಿ
ಕೊನೆಗೆ ಎಲೆಕೋಸಿನ ಪೀಪಾಯಿಯ ಕಲ್ಲನ್ನು
ಮಗುವಿನಂತೆ ಸೊಂಟಕ್ಕಿಟ್ಟು ತಂದಳು.
ಲಾರಿಯವನು ನಕ್ಕ:
"ಹೊಸ ಊರಲ್ಲಿ ಚುಲ್‌ಗೇನು ಬರವೇ ಅಜ್ಜಿ?"
"ಇದಕ್ಕೆ, ಎಷ್ಟು ಒತ್ತಬೇಕು ಅಂತ ಗೊತ್ತು."

ಕಲ್ಲು ಈಗ ನನ್ನ ಐದನೇ ಮಹಡಿಯ ಬಾಲ್ಕನಿಯಲ್ಲಿ.
ಅಕ್ಟೋಬರ್. ಉಪ್ಪು, ಕ್ಯಾರೆಟ್, ಹೆಚ್ಚಿದ ಕೋಸು.
ಮುಚ್ಚಳದ ಮೇಲೆ ಇಡುವಾಗ
ಪಕ್ಕದ ಮನೆಯವರು ಇಲ್ಲವೆಂದು ಖಚಿತ ಮಾಡಿಕೊಂಡು
ತಾಲ್ ಎಂದು ನೋಡಿದೆ.
ಆಮೇಲೆ ತಾಶ್.
ಎರಡಕ್ಕೂ ಓಗೊಡಲಿಲ್ಲ.
ಅಡಿಯಿಂದ ನೀರು ಮಾತ್ರ
ನಿಧಾನ ಅಂಚಿಗೆ ಏರಿ ಬಂತು.

ಕೈ ಒರೆಸಿಕೊಂಡು ಒಳಗೆ ಬಂದೆ.
ಚೀಟಿ ಮೇಜಿನ ಮೇಲಿದೆ.
ಪೆನ್ಸಿಲ್ ಹೆರೆದು ಪಕ್ಕದಲ್ಲಿಟ್ಟಿದ್ದೇನೆ.