ಅಡಿಟಿಪ್ಪಣಿ ಇಪ್ಪತ್ತೇಳು

ಕಲೀನಾದ ಲೈಬ್ರರಿಯಲ್ಲಿ ತಿರುಗುವ ಫ್ಯಾನು ಒಂದೇ,
ಅದರ ಕೆಳಗಿನ ಕುರ್ಚಿಗೆ ಬೆಳಿಗ್ಗೆಯೇ ಯಾರದೋ ದುಪಟ್ಟಾ.
ಗೋಡೆಯ ಕಡೆ ಕೂತು ನಾನು
ನೂರ ನಲವತ್ತಮೂರನೆಯ ಪುಟ ಬರೆದುಕೊಳ್ಳುತ್ತಿದ್ದೆ:
‘ಮೇಸ್ತ್ರಿಯ ಮುಖ ನೋಡಬಾರದು, ಚಪ್ಪಲಿ ನೋಡಬೇಕು.
ಹೊಸ ಚಪ್ಪಲಿಯವನು ಸಂಜೆಗೆ ತಪ್ಪದೆ ಕೂಲಿ ಕೊಡುತ್ತಾನೆ.’
ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ, ಇಪ್ಪತ್ತೇಳು:
ಒಬ್ಬ ಮಹಿಳಾ ವಕ್ತೃ, ಕೂಲಿ, ಕುರ್ಲಾ ನಾಕಾ, ವಯಸ್ಸು ಸುಮಾರು ನಲವತ್ತು.

ಹಾಲುಹಲ್ಲು ಬಿದ್ದ ಕಾಲದಿಂದ ಕೇಳಿದ ಮಾತು.
ಎಲ್ಲೋ ಕುಂಟುತ್ತಿತ್ತು.

ಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದವಳಿಗೆ ಓದಿ ಹೇಳಿದೆ.
“ಹೊಸಾ ಚಪ್ಪಲಿ ಅಲ್ಲವಾ, ಸವದ ಚಪ್ಪಲಿ!
ಹೊಸಾದು ಹಾಕ್ಕೊಂಡಾಂವ ಸುಣ್ಣದಾಗ ಕಾಲಿಡಂಗಿಲ್ಲ,
ಸಂಜೀಕ ಸಿಗಂಗಿಲ್ಲ.
ಯಾರು ಬರದಾರ? ಆ ಕನ್ನಡಕದ ಹುಡುಗನಾ?
ಪೆನ್ನು ಮುಗೀತಂತ ನಿಮ್ಮಪ್ಪನ ಪೆನ್ಸಿಲ್ ಇಸ್ಕೊಂಡಾ.
ವಾಪಸ್ ಕೊಟ್ಟಿಲ್ಲ ನೋಡು.”

ನಾಡಕರ್ಣಿ ಮೇಡಂ ಒಂದು ಅಲ್ಪವಿರಾಮ ಬಿಟ್ಟರೆ
ಇಡೀ ಅಧ್ಯಾಯ ಹಿಂತಿರುಗಿಸುವವರು.
ಹೆದರುತ್ತಲೇ ಹೇಳಿದೆ. ಕೆಂಪು ಪೆನ್ನಿನ ಮುಚ್ಚಳ ಕಚ್ಚಿಕೊಂಡು
“ಮೊದಲು ಹೇಳಿದವರು ಯಾರು? ಅವರ ಹೆಸರು ಮೊದಲು.
ಆಮೇಲೆ ಅಚ್ಚು ಮಾಡಿದವರದು, ಪುಟ.
ತಪ್ಪಿದ್ದರೆ ತಪ್ಪು ಅಂತ ಬರಿ, ಬೈಯಬೇಡ.”
ಅಜ್ಜಿ ಅಂತ ಹಾಕಲಾ?
“ಅಜ್ಜಿ ಆಕರ ಅಲ್ಲ. ಹೆಸರು ಬರಿ.”

ಸಾಬವ್ವ. ಆದರೆ ಅಡ್ಡಹೆಸರು ಮುಂದೆ ಬರಬೇಕು.
ರೇಷನ್ ಕಾರ್ಡಿನಲ್ಲಿದೆ, ಶಹಾಪುರಕರ್.
ಶಹಾಪುರದಿಂದ ಬಂದೆ ಅಂದದ್ದಕ್ಕೆ
ಗುಮಾಸ್ತ ಅಂಟಿಸಿದ ಬಾಲ;
ಸರದಿ ಉದ್ದವಿತ್ತು, ಅಜ್ಜಿ ಜಗಳಕ್ಕೆ ನಿಲ್ಲಲಿಲ್ಲ.
ಇದಕ್ಕೂ ಒಂದು ಅಡಿಟಿಪ್ಪಣಿ ಬೇಕಿತ್ತು.
ಗುಮಾಸ್ತನ ಹೆಸರು ಯಾರಿಗೆ ಗೊತ್ತು?

ಕೊನೆಯ ಪುಟಕ್ಕೆ ಗ್ರಂಥಋಣ ಅಂತಾರೆ ಅಂದೆ.
ಗ್ರಂಥ ತಿಳಿಯಲಿಲ್ಲ ಅವಳಿಗೆ, ಋಣ ತಿಳಿಯಿತು.
ಗೂಡಿನಿಂದ ಕಿರಾಣಿಯ ಉದ್ರಿ ವಹಿ ತೆಗೆದಳು.
ತಾರೀಖು, ಅರ್ಧ ಕಿಲೋ ತೊಗರಿಬೇಳೆ, ಪಕ್ಕದಲ್ಲಿ ಹೆಬ್ಬೆಟ್ಟು.
“ಹಿಂಗ ಬರೀಬೇಕವಾ. ತಗೊಂಡದ್ದು ತಗೊಂಡಷ್ಟೇ.
ಅರ್ಧಕ್ಕ ಒಂದು ಅಂತ ಬರದ್ರ ಅಂಗಡ್ಯಾಂವ ಕಳ್ಳ,
ಬರೀದೇ ಒಯ್ದ್ರ ನಾ ಕಳ್ಳಿ.”

ರಾತ್ರಿ ಟೈಪು ಮಾಡಿದೆ.
ಶಹಾಪುರಕರ್, ಸಾಬವ್ವ. ಮೌಖಿಕ. ಕುರ್ಲಾ.
ಅಷ್ಟರಲ್ಲಿ ನಲ್ಲಿಗೆ ನೀರು ಬಂತು.
ಎರಡು ಬಕೆಟ್ ತುಂಬಿಸಿ, ಕೈ ಒರೆಸಿಕೊಂಡು ಬಂದು ತಾರೀಖು ಹಾಕಿದೆ.
ನೂರ ನಲವತ್ತಮೂರನೆಯ ಪುಟಕ್ಕೆ ನಯವಾಗಿಯೇ ಬರೆದೆ:
ಇಲ್ಲಿ ಪಾಠ ತಿರುಗುಮುರುಗಾಗಿದೆ.

ಪೆನ್ಸಿಲ್ಲನ್ನು ಎಲ್ಲಿ ಸೇರಿಸಲಿ?
ಮೇಡಂ ಕೊಟ್ಟ ಮಾದರಿ ಹಾಳೆಯಲ್ಲಿ ಅದಕ್ಕೆ ಜಾಗವಿಲ್ಲ.
ನೆನಪಿದೆಯಾ ಅಂತ ಅಪ್ಪನನ್ನು ಕೇಳಿದೆ.
ಟಿವಿಯಿಂದ ಕಣ್ಣು ತೆಗೆಯದೆ ಅಂದ:
ಕೆಂಪು ಕಪ್ಪು ಪಟ್ಟೆಯದು.
ಹಿಂದೆ ರಬ್ಬರ್ ಇತ್ತು.